ನಿಮ್ಮ ಮಗನ ಎರಡು ಡಿಗ್ರಿ, ನನ್ನ ಒಂದು ಸೀಟು

ತೀರ್ಥರೂಪು ಅತ್ತೆಯವರಿಗೆ,

ಮಲ್ಕಾಜ್‌ಗಿರಿಯಿಂದ ನಿಮ್ಮ ಸೊಸೆ ಗಿರಿಜಾ ಮಾಡುವ ನಮಸ್ಕಾರ. ಸಾಷ್ಟಾಂಗ ಎಂದು ಬರೆಯುವುದು ರೂಢಿ. ಈ ಸಲ ನಿಂತುಕೊಂಡೇ ಮಾಡುತ್ತಿದ್ದೇನೆ, ಸಿಟ್ಟಾಗಬೇಡಿ. ನೀವು ಹೋದ ಮೇಲೆ ನಿಮ್ಮ ಫೋಟೋದ ಮುಂದೆ ದಿನಾ ಏನಾದರೂ ಮಾತಾಡುತ್ತಲೇ ಇದ್ದೇನೆ. ಆದರೆ ಈ ವಿಷಯ ಮಾತ್ರ ಬಾಯಲ್ಲಿ ಬರುತ್ತಿಲ್ಲ, ಬರೆದೇ ಹೇಳಬೇಕಾಗಿದೆ. ಆ ಲಾ ಸೀಟಿನ ವಿಷಯ.

ಸಂಜೆ ಕಾಲೇಜಿನ ಗೋಡೆಗೆ ಸೀಟು ಸಿಕ್ಕವರ ಹೆಸರು ಅಂಟಿಸಿದ ದಿನ ನೆನಪಿದೆಯೆ? ನಾನೂ ನಿಮ್ಮ ಮಗನೂ ಕಾಚಿಗೂಡದ ತನಕ ಹೋಗಿ ನೋಡಿಕೊಂಡು ಬಂದಿದ್ದೆವು. ಇಬ್ಬರ ಹೆಸರೂ ಇತ್ತು. ನಿಮ್ಮ ಮಗನಿಗೆ ಆಗಲೇ ತಾರ್ನಾಕದ ಯೂನಿವರ್ಸಿಟಿಯಲ್ಲಿ ಎಂಬಿಎ ಸೀಟೂ ಸಿಕ್ಕಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ ನನಗೆ. ನೀವು ದೇವರ ಮುಂದಿನ ಪೇಢೆ ತಂದು ಮೊದಲು ನನ್ನ ಬಾಯಿಗೇ ಹಾಕಿದಿರಿ. ಆಮೇಲೆ ಹೇಳಿದಿರಿ, "ಇಬ್ರೂ ಸಂಜೀ ಹೊತ್ತು ಹೊರಗ ಹೋದ್ರ ಮನೀ ಗತಿ ಏನವ್ವಾ? ಅಂವ ಮೊದ್ಲ ಎರಡೂ ಮುಗಿಸಿಬಿಡ್ಲಿ. ಕಾಲೇಜ್ ಎಲ್ಲಿ ಓಡಿ ಹೋಗತೈತಿ? ಆಮ್ಯಾಲೆ ನೀನೂ ಕಲಿಯಂತಿ." ಬಾಯಲ್ಲಿ ಪೇಢೆ ಇಟ್ಟುಕೊಂಡು ಯಾರಿಗೆ ತಾನೆ ವಾದ ಮಾಡಲಾಗುತ್ತದೆ? ನಾನು ನುಂಗಿದೆ. ಪೇಢೆಯನ್ನೂ, ಸೀಟನ್ನೂ.

ಒಟ್ಟಿಗೆ ಎರಡು ಕಡೆ ಓದಬಾರದು ಎಂದು ನಿಯಮವಿತ್ತು, ನಿಮಗೆ ಗೊತ್ತಿರಲಿಲ್ಲ. ನಿಮ್ಮ ಮಗ ಎರಡೂ ಕಡೆ 'ನಾನು ಬೇರೆಲ್ಲೂ ಓದುತ್ತಿಲ್ಲ' ಎಂದು ಸಹಿ ಹಾಕಿ ಬಂದರು. ಬಂದವರೇ, "ಇಷ್ಟು ಶಾಣ್ಯಾತನ ಇರದಿದ್ರ ಈ ಊರಾಗ ಬಾಳೇವು ಆಗೂದಿಲ್ಲ" ಎಂದು ಮೀಸೆ ತಿರುವಿದರು. ಇದ್ದ ಕಂಪನಿ ಕೆಲಸ ಬಿಟ್ಟರು. ಮನೆ ನಡೆದದ್ದು ಸಿಕಂದರಾಬಾದಿನ ರೈಲ್ವೆ ಆಫೀಸಿನ ನನ್ನ ಸಂಬಳದಲ್ಲಿ, ಮಾವನವರ ಪಿಂಚಣಿಯಲ್ಲಿ. ಅದಕ್ಕೆ ನನಗೆ ಬೇಜಾರಿರಲಿಲ್ಲ. ಗಂಡ ಓದುತ್ತಾನೆ ಎಂದರೆ ಯಾವ ಹುಡುಗಿಗೆ ಹೆಮ್ಮೆ ಇರುವುದಿಲ್ಲ?

ಕಾಚಿಗೂಡ ಸ್ಟೇಷನ್ನಿನ ಆ ಕಲ್ಲು ಬೆಂಚು ನೀವು ನೋಡಿದವರಲ್ಲ. ನೀವು ಕಟ್ಟಿಕೊಟ್ಟ ಡಬ್ಬಿ ಹಿಡಿದು ಆಫೀಸು ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ನಿಮ್ಮ ಮಗ ಎಂಬಿಎ ಕ್ಲಾಸು ಮುಗಿಸಿ ಬರುತ್ತಿದ್ದರು. ಹಗಲು ಗೀಚಿದ ಹಾಳೆಗಳು ನನ್ನ ತೊಡೆಯ ಮೇಲೆ ಬೀಳುತ್ತಿದ್ದವು, ಶುದ್ಧವಾಗಿ ಬರೆದುಕೊಡಲು. ಲಾ ಪುಸ್ತಕ ಓದಿ ನಾನು ಮಾಡಿಟ್ಟ ಟಿಪ್ಪಣಿ ಅವರ ಕೈಗೆ ಹೋಗುತ್ತಿತ್ತು. ರೊಟ್ಟಿ ಮುರಿಯುತ್ತ, "ಇವತ್ತಿಂದು ಏನೈತಿ, ಲಗೂನ ಹೇಳು" ಎನ್ನುತ್ತಿದ್ದರು. ಅವರು ಝುಣಕ ಮುಗಿಸುವಷ್ಟರಲ್ಲಿ ನಾನು ಒಂದು ಪಾಠ ಮುಗಿಸಬೇಕು. ಕೊನೆಗೆ ಎಣ್ಣೆ ಕೈಯನ್ನು ನನ್ನ ತೊಡೆಯ ಮೇಲಿನ ಹಾಳೆಗೇ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ಒಗ್ಗರಣೆ ಬೆಳ್ಳುಳ್ಳಿ ಹತ್ತಿದ ಆ ಹಾಳೆಗಳನ್ನು ಮರುದಿನ ಚೀಲದಿಂದ ತೆಗೆಯುವಾಗ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದೆ. ಆ ವಾಸನೆ ಈಗಲೂ ಮೂಗಿನಲ್ಲಿದೆ, ಅತ್ತೆ.

ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಬರೆಯುತ್ತಾ ಕೂತಿರುತ್ತಿದ್ದೆನಲ್ಲ, ಪಕ್ಕದ ಕುರ್ಚಿಯ ಸತ್ಯವತಮ್ಮ ಒಂದು ದಿನ ಕೇಳಿದರು, "ಎವರಿ ಕೋಸಮಮ್ಮಾ ಇದಂತಾ?" ಯಾರಿಗಾಗಿ ಇದೆಲ್ಲ ಎಂದು. ನಮ್ಮೆಜಮಾನರಿಗೆ ಎಂದೆ. "ಮರಿ ನೀಕು?" ಎಂದರು. ಹಾಗಾದರೆ ನಿನಗೆ? ನಾನು ನಕ್ಕುಬಿಟ್ಟೆ. ನಕ್ಕು ಮತ್ತೆ ಬರೆಯತೊಡಗಿದೆ.

ಕೊತ್ತಂಬರಿಯ ಕತೆ ಮಾತ್ರ ನಿಮಗೆ ಚೆನ್ನಾಗಿ ಗೊತ್ತು. ಟಿಪ್ಪಣಿಯ ನಡುವೆ ನಾನು ಕನ್ನಡದಲ್ಲಿ ಬರೆದಿದ್ದೆ, 'ಇದು ಪರೀಕ್ಷಾದಾಗ ಖಂಡಿತ ಬರತೈತಿ, ಬಾಯಿಪಾಠ ಮಾಡ್ರಿ. ಬರೂವಾಗ ಕೊತ್ತಂಬರಿ ತರ್ರಿ.' ಅಂದು ಕ್ಲಾಸಿನಲ್ಲಿ ಮೇಷ್ಟ್ರು ಎಬ್ಬಿಸಿ ಪ್ರಶ್ನೆ ಕೇಳಿದಾಗ ನಿಮ್ಮ ಮಗ ಹಾಳೆ ನೋಡಿಕೊಂಡು ಗಡಗಡ ಇಂಗ್ಲಿಷ್ ಓದುತ್ತಾ ಕೊತ್ತಂಬರಿಯನ್ನೂ ಓದಿಬಿಟ್ಟರು. ನಮ್ಮ ಕಡೆಯ ಹುಡುಗರು ಬೆಂಚು ಬಡಿದು ನಕ್ಕರಂತೆ. ಮನೆಗೆ ಬಂದು ಅವರೇ ಅದನ್ನು ಹೇಳಿ ನಕ್ಕರು, ನೀವು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಿರಿ. ನನಗೆ ನಗು ಬರಲಿಲ್ಲ. ಕೊತ್ತಂಬರಿಗೂ ಕಾನೂನಿಗೂ ವ್ಯತ್ಯಾಸ ತಿಳಿಯದಷ್ಟು ಲಕ್ಷ್ಯವಿಲ್ಲದ ಮನುಷ್ಯನಿಗಾಗಿ ನಾನು ಕಣ್ಣು ಕಳೆದುಕೊಳ್ಳುತ್ತಿದ್ದೇನಲ್ಲ ಎಂದು ಮೈಯೆಲ್ಲ ಮುಳ್ಳೆದ್ದಿತು. ಆ ಪಾಠ ಎಷ್ಟು ಚೆಂದವಿತ್ತು ಗೊತ್ತೆ? ಕೊಟ್ಟ ಮಾತು ಯಾವಾಗ ಬರೀ ಮಾತು, ಯಾವಾಗ ಕರಾರು ಎಂಬುದರ ಪಾಠ. ಅದನ್ನು ಬರೆಯುತ್ತಾ ನಾನು ಊಟ ಮರೆತಿದ್ದೆ.

ನೀವು ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಿತ್ತು! ಸವಿತಾ ಹುಟ್ಟಿದಾಗ ನನ್ನ ತಾಯಿ ರಾಯಚೂರಿನಿಂದ ಬರಲಾಗಲಿಲ್ಲ. ನೀವೇ ಎಣ್ಣೆ ಹಚ್ಚಿ ನೀರು ಹಾಕಿದಿರಿ, ಕೂಸಿನ ಹೊಲಸು ಬಳಿದಿರಿ, ಯಾರಾದರೂ "ಹೆಣ್ಣಾತೇನು?" ಎಂದು ಮುಖ ಸಣ್ಣ ಮಾಡಿದರೆ ಚಹಾ ಕೊಡದೆ ಕಳಿಸಿದಿರಿ. ಅಂಥ ನೀವು ಆ ಒಂದು ವಿಷಯಕ್ಕೆ ಮಾತ್ರ ಯಾಕೆ ಕಿವುಡಾದಿರಿ? ಮಗನ ಎರಡು ಡಿಗ್ರಿ ಮುಗಿದವು. ಬಾಗಿಲಿಗೆ ಹಿತ್ತಾಳೆ ಹಲಗೆ ಬಂತು, ಹೆಸರಿಗಿಂತ ಡಿಗ್ರಿಯ ಅಕ್ಷರ ದೊಡ್ಡದು. ಕರಿ ಕೋಟು ಒಂದು ದಿನವೂ ಹಾಕಲಿಲ್ಲ, ಕಾರ್ಖಾನೆಯ ಆಫೀಸರಾದರು. ಇನ್ನು ನನ್ನ ಸರದಿ ಎಂದರೆ ಕೂಸು ಸಣ್ಣದು ಎಂದಿರಿ. ಆಮೇಲೆ ಕೂಸಿನ ಸಾಲಿ. ಆಮೇಲೆ ನಿಮ್ಮ ಮೊಣಕಾಲು. ನೀವು ಬೇಡ ಎಂದದ್ದೇ ಇಲ್ಲ, ಬರೀ 'ಆಮ್ಯಾಲೆ' ಎಂದಿರಿ. ಬೇಡ ಎಂದಿದ್ದರೆ ನಾನು ಜಗಳವನ್ನಾದರೂ ಆಡುತ್ತಿದ್ದೆ.

ಆಸ್ಪತ್ರೆಯ ಆ ಮಧ್ಯಾಹ್ನ ನಾನು ಮೋಸಂಬಿ ಬಿಡಿಸುತ್ತಿದ್ದೆ. ನೀವು ಕಣ್ಣು ಮುಚ್ಚಿದವರು ಹಾಗೇ ಕೇಳಿದಿರಿ, "ಗಿರಿಜಾ, ಆ ಕಾಲೇಜ್ ಇನ್ನೂ ಐತೇನು?"

"ಐತ್ರಿ" ಎಂದೆ.

ನೀವು ಗೋಡೆಯ ಕಡೆ ಹೊರಳಿದಿರಿ. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ, ಎತ್ತಲು ದಿನಗಳೂ ಉಳಿಯಲಿಲ್ಲ. ಹೋಗು ಎನ್ನಬೇಕೆಂದಿದ್ದಿರಾ? ತಪ್ಪಾಯಿತು ಎನ್ನಬೇಕೆಂದಿದ್ದಿರಾ? ಇಲ್ಲಾ, ಸುಮ್ಮನೆ...

ಈಚೆಗೆ ನಡೆದದ್ದು ಹೇಳುತ್ತೇನೆ. ನಮ್ಮ ಕನ್ನಡದವರು ಸೇರಿ ಪಾಸಾದ ಮಕ್ಕಳಿಗೆ ಬಹುಮಾನ ಕೊಡುತ್ತಾರಲ್ಲ, ಈ ಸಲ ನಿಮ್ಮ ಮಗ ಮುಖ್ಯ ಅತಿಥಿ. ನಾನು ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು, ಕೊರಳಲ್ಲಿ ಹಾರ ಹಾಕಿಸಿಕೊಂಡು ಹೇಳಿದರು, "ಹಗಲೊಂದು ಸಂಜಿಗೊಂದು ಕಾಲೇಜ್ ಮಾಡಿ ಎರಡು ಡಿಗ್ರಿ ತಗೊಂಡೀನಿ. ಯಾರ ಸಹಾಯಾನೂ ಇಲ್ಲ. ಸ್ವಂತ ದುಡಿಮಿ. ನೀವೂ ಟೈಮ್ ಮ್ಯಾನೇಜ್‌ಮೆಂಟ್ ಕಲೀರಿ." ಮಕ್ಕಳು ಚಪ್ಪಾಳೆ ಹೊಡೆದರು. ನಾನು ಮೊದಲ ಸಾಲಿನಲ್ಲಿದ್ದೆ. ಅವರು ನನ್ನ ಕಡೆ ನೋಡಿ ನಕ್ಕರು, ಅತ್ತೆ. ನಾಚಿಕೆಯ ನಗುವಾಗಿದ್ದರೆ ಕ್ಷಮಿಸುತ್ತಿದ್ದೆನೇನೋ. ಅವರು ಅದನ್ನು ನಿಜವಾಗಿಯೂ ನಂಬಿದ್ದರು. ವಾಕರಿಕೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ. ಪಕ್ಕದವರು ನನಗೆ ಆನಂದಕ್ಕೆ ಅಳು ಬಂತು ಎಂದುಕೊಂಡರಂತೆ.

ಅದೇ ವಾರ ಅರ್ಜಿ ಹಾಕಿದೆ. ಪ್ರವೇಶ ಪರೀಕ್ಷೆ ಬರೆದೆ, ಸೀಟು ಬಂತು. ಅದೇ ಸಂಜೆ ಕಾಲೇಜು. ಜ್ಞಾನದ ಆಸೆ, ಛಲ ಎಂದೆಲ್ಲ ಜನ ಹೇಳುತ್ತಾರೆ. ನನ್ನದು ಬರೀ ಹೇಸಿಗೆ. ಆದರೆ ಕ್ಲಾಸಿನಲ್ಲಿ ಕೂತ ಮೇಲೆ ಅದು ಯಾವಾಗಲೋ ಮರೆತುಹೋಗುತ್ತದೆ. ಮೇಷ್ಟ್ರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನನಗೆ ಬರುತ್ತದೆ. ಪಕ್ಕ ಕೂರುವ ಹುಡುಗಿಯರು "ಆಂಟಿ, ಮೀಕು ಮುಂದೇ ತೆಲುಸಾ?" ಎಂದು ಕೇಳುತ್ತಾರೆ, ನಿಮಗೆ ಮೊದಲೇ ಗೊತ್ತಾ ಎಂದು. ಏನೆಂದು ಹೇಳಲಿ?

ಈಗ ಮುಖ್ಯ ಮಾತು. ಈ ವರ್ಷದ ನನ್ನ ಮೊದಲ ಪೇಪರು ಬಿದ್ದಿರುವುದು ನಿಮ್ಮ ತಿಥಿಯ ದಿನವೇ. ನಿಮ್ಮ ಮಗನಿಗೆ ಹೇಳಿದಾಗ ಓದುತ್ತಿದ್ದ ಪತ್ರಿಕೆ ಮಡಚಿಟ್ಟು ನನ್ನನ್ನು ಕಳ್ಳಿಯ ಹಾಗೆ ನೋಡಿದರು.

"ಅವ್ವನ ಎಡಿ ಬಿಟ್ಟು ಪರೀಕ್ಷಾ ಬರೀತೀಯೇನು? ಸೊಸಿ ಉಪವಾಸ ಇದ್ದು ಮಾಡಿದ್ರನ ಹಿರಿಯರಿಗೆ ಮುಟ್ಟತೈತಿ. ಮುಂದಿನ ವರ್ಷ ಬರದ್ರ ಗಂಟೇನು ಹೋಗತೈತಿ?"

"ನಿಮ್ಮವ್ವಗ ನೀವ ಮಾಡ್ರಿ" ಎಂದೆ.

"ಗಂಡಸು ಹೋಳಿಗಿ ಮಾಡತಾನೇನು?"

"ಎರಡು ಡಿಗ್ರಿ ಮಾಡೀರಿ. ಹೋಳಿಗಿ ಬರೂದಿಲ್ಲೇನು?"

ಇದಾಗಿ ಎರಡು ದಿನವಾಯಿತು. ಸವಿತಾ ಅಡುಗೆಮನೆಯಲ್ಲಿ ಅವರಿಗೆ ಬೇಳೆ ಡಬ್ಬಿ ಎಲ್ಲಿದೆ ಎಂದು ತೋರಿಸುತ್ತಿದ್ದಳು. ನಿನ್ನೆ ಕಣಕ ಕಲಸಿ ನೋಡಿದ್ದಾರೆ. ಅರ್ಧ ಕಲ್ಲು, ಅರ್ಧ ಅಂಟು. ಮುಟ್ಟಿದರೆ ಅಸಹ್ಯ. ನಾನು ಸರಿಮಾಡಲಿಲ್ಲ.

ಅದನ್ನೇ ನಿಮಗೆ ಮೊದಲೇ ತಿಳಿಸಿಬಿಡೋಣ ಎಂದು ಈ ಕಾಗದ. ಈ ಸಲ ಹೋಳಿಗೆ ಹರಿದಿರುತ್ತದೆ, ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಆಗಿರುತ್ತದೆ. ನಿಮ್ಮ ಮಗನ ಕೈಯ ಅಡುಗೆ, ನೀವು ಬದುಕಿದ್ದಾಗ ಒಂದು ದಿನವೂ ಉಂಡಿರಲಿಲ್ಲ. ಸಮಾಧಾನದಿಂದ ಉಣ್ಣಿ. ಎಡೆ ಇಡುವ ಹೊತ್ತಿಗೆ ನಾನು ಕರಾರಿನ ಪೇಪರು ಬರೆಯುತ್ತಿರುತ್ತೇನೆ. ಉಪವಾಸವನ್ನೂ ಹಿಡಿಯುವುದಿಲ್ಲ. ತಲೆ ತಿರುಗಿದರೆ ಬರೆಯಲಾಗುವುದಿಲ್ಲ. ಅಂದು ಬೆಳಗ್ಗೆ ನನಗಾಗಿ ಬಿಸಿ ರೊಟ್ಟಿ ಮಾಡಿಕೊಂಡು, ಕೂತುಕೊಂಡು, ಹೊಟ್ಟೆ ತುಂಬ ತಿಂದು ಹೋಗುತ್ತೇನೆ. ಈ ಮನೆಗೆ ಬಂದಾಗಿನಿಂದ ಮೊದಲ ಸಲ ಅತ್ತೆ, ನಿಮಗಿಂತ ಮೊದಲು ನನ್ನ ಊಟ.

ನಿಮ್ಮ ಸೊಸೆ,
ಗಿರಿಜಾ