ಡ್ರಾಯರಿನಲ್ಲಿ ಸಿಕ್ಕ ಮೊಹರು

ಅಪ್ಪನಿಗೆ ನಮಸ್ಕಾರ.

ಫೋನಿನಲ್ಲಿ ವಾದಿಸಿ ಸಾಕಾಗಿದೆ, ಅದಕ್ಕೇ ಈ ಪತ್ರ. ಪುಸ್ತಕಕ್ಕಾಗಿ ನಿಮ್ಮ ಹಳೆಯ ವ್ಯಂಗ್ಯಚಿತ್ರಗಳನ್ನೆಲ್ಲ ಜೋಡಿಸಿಟ್ಟಿದ್ದೇನೆ. ಆಫ್ರಿಕಾ ಮೂಲದ ಕಪ್ಪು ಜನರನ್ನು ಹೀಗೇಕೆ ಬರೆದಿರಿ ಎಂದರೆ, "ಆಗಿನದನ್ನ ಈಗಿನ ತಕ್ಕಡೀಲಿ ತೂಗಬೇಡ ಕಣೆ" ಅಂತೀರಿ. ಆಯ್ತು, ಆಗಿನ ತಕ್ಕಡಿಯಲ್ಲೇ ತೂಗೋಣ. ಆಗಲೂ ನೀವು ಬೀದಿನಾಯಿಗೆ ಸಹ ಪ್ರತಿ ಸಲ ಹೊಸ ಮುಖ ಬರೆದಿದ್ದೀರಿ. ಅವರಿಗೆ ಮಾತ್ರ ದಪ್ಪ ತುಟಿಯ ರಬ್ಬರ್ ಮೊಹರು ಮಾಡಿಸಿ, ಎಲ್ಲರಿಗೂ ಅದನ್ನೇ ಒತ್ತಿದ್ದೀರಿ. ನಿಮ್ಮ ಡ್ರಾಯರಿನಲ್ಲಿ ಸಿಕ್ಕಿತು.

ಒಂದು ಚಿತ್ರವನ್ನೂ ತೆಗೆಸುವುದಿಲ್ಲ. ಆದರೆ ಮುಖಪುಟಕ್ಕೆ ಹೊಸದೊಂದು ಬೇಕು. ನಿಮ್ಮ ಸೊಂಟ ಮುರಿದಂದಿನಿಂದ ದಿನವೂ ಎತ್ತಿ ಕೂರಿಸುವ ನರ್ಸ್ ಅಣ್ಣನೂ ಆ ಜನರಲ್ಲೊಬ್ಬರೇ ಅಲ್ಲವೇ? ಅವರನ್ನು ಎದುರಿಗೆ ಕೂರಿಸಿಕೊಳ್ಳಿ.

ಮೊಹರು ಕಳಿಸುವುದಿಲ್ಲ. ಈ ಸಲ ಮುಖ ನೋಡಿ ಬರೆಯಿರಿ.

ಸಿಟ್ಟು ಇಳಿಯದ
ನಿಮ್ಮ ಮಗಳು