ಏಳನೆಯ ಮಹಡಿಯ ಲಿಫ್ಟು

12 ಜೂನ್ 2025, ಗುರುವಾರ

ಲಿಫ್ಟಿನಲ್ಲಿ ಸಿಕ್ಕಿಬಿದ್ದವನ ಕತೆಯನ್ನು ಮೊದಲು ಹೇಳಿದವನು ನನ್ನ ಗೆಳೆಯ ಬಸಂತರಾಯ, ಮೊನ್ನೆ ದೇವರ ಹಿಪ್ಪರಗಿ ಸಂತೆಯಲ್ಲಿ. ಅವನ ಕತೆಯಲ್ಲಿ ಕರೆಂಟು ಹೋಗಿದ್ದು ಹತ್ತೇ ನಿಮಿಷ. ನಿನ್ನೆ ನನ್ನ ಹೆಂಡತಿ ಸಿದ್ದಲಿಂಗವ್ವನಿಗೆ ಹೇಳುವಾಗ ನಾನು ಆ ಹತ್ತು ನಿಮಿಷವನ್ನು ಇಡೀ ರಾತ್ರಿಯಾಗಿಸಿದೆ, ನಾವು ನೋಡಲಿದ್ದ ಸಿಂದಗಿಯ ಏಳನೆಯ ಮಹಡಿಯ ಮನೆ ಅವಳಿಗೆ ಬೇಡವಾಗಲೆಂದು. ಎದುರಿಗೇ ಡಯಾಲಿಸಿಸ್ ಆಸ್ಪತ್ರೆ, ಕೆಳಗೇ ಕಾಯಿಪಲ್ಲೆ. ಅಲ್ಲಿದ್ದರೆ ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಅವಳು ಬಸ್ಸಿನಲ್ಲಿ ಕುಲುಕಬೇಕಿಲ್ಲ. ಗೊತ್ತು. ಆದರೂ ಆ ಎತ್ತರ ನೆನೆದರೆ ಈಗಲೂ ಅಂಗಾಲು ಬೆವರುತ್ತದೆ.

ಇಂದು ಬೆಳಿಗ್ಗೆ ಮನೆ ನೋಡಲು ಹೋದಾಗ ಲಿಫ್ಟಿನ ಬಾಗಿಲಲ್ಲಿ ಅವಳ ಸೆರಗು ಹಿಡಿದೆ.

“ಬಿಡ್ರಿ, ಬಸ್ಸಿನಾಗ ಕುಂತು ಕುಂತು ಸಾಕಾಗೇತಿ. ನೀವೂ ಬರ್ರಿ, ಕರೆಂಟ್ ಹೋದ್ರ ಕತಿ ಹೇಳಾಕ ಒಬ್ರು ಬೇಕಲ್ಲ!”

ನಾನು ಸೆರಗು ಬಿಟ್ಟು ಹೊರಗೇ ನಿಂತೆ. ಕತೆ ಕೇಳಿದ್ದವಳು ಗುಂಡಿ ಒತ್ತಿ ಒಬ್ಬಳೇ ಮೇಲೆ ಹೋದಳು.