ಹಾಲಿನ ವ್ಯಾನಿನ ಕನ್ನಡಿ

ಅಪ್ಪಾ,

ಬಟಾಣಿ ಸೂಪ್ ಒಲೆ ಮೇಲಿದೆ, ಬಿಸಿ ಮಾಡ್ಕೋ. ಹತ್ತು ಗಂಟೆಗೆ ಕಣ್ಣಿಗೆ ಹನಿ ಹಾಕ್ಕೋ.

ನಿನ್ನ ಎಂ.ಜಿ. ಕಾರಿಗೆ ನಾನು ಹಳೇ ಹಾಲಿನ ವ್ಯಾನಿನ ಕನ್ನಡಿ ಕೂರಿಸಿದೆ ಅಂತ ಮೂರು ದಿನದಿಂದ ಗೊಣಗ್ತಿದ್ದೀಯ. ಅದರದ್ದೇ ಕನ್ನಡಿ ಎಲ್ಲೂ ಸಿಗಲಿಲ್ಲ, ನಾನೇನು ಮಾಡ್ಲಿ?

ಆದ್ರೆ ಬೆಳಿಗ್ಗೆ ಟೀ ಕುಡೀತಾ ನೀನು ಏನಂದೆ? "ನಲವತ್ತು ಮೈಲಿ ವೇಗ ದಾಟಿದ್ರೆ ದರಿದ್ರದ್ದು ನಡುಗುತ್ತೆ, ಹಿಂದಿನ ಲಾರಿ ಎರಡೆರಡು ಕಾಣುತ್ತೆ."

ಕನ್ನಡಿ ಹಾಕಿದ್ಮೇಲೆ ನಾನಿನ್ನೂ ಕಾರನ್ನ ಶೆಡ್ಡಿನಿಂದ ಹೊರಗೇ ತೆಗೆದಿಲ್ಲ. ಕಣ್ಣು ಸರಿಯಿಲ್ಲ, ಓಡಿಸಬೇಡ ಅಂತ ಡಾಕ್ಟರು ನಿಂಗೆ ಹೇಳಿ ಎರಡು ತಿಂಗಳಾಯ್ತು. ಮತ್ತೆ ಆ ಲಾರಿ ಎಲ್ಲಿ ಕಂಡೆ, ಮಹಾರಾಯ?

ಕೀ ನನ್ನ ಜೇಬಲ್ಲಿದೆ, ಹುಡುಕಬೇಡ. ಸಂಜೆ ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತ್ಕೋ. ನಂಗೂ ಲಾರಿ ಎರಡೆರಡು ಕಂಡ್ರೆ ಮಾತ್ರ ಕನ್ನಡಿ ಬದಲಾಯಿಸ್ತೀನಿ.

ರೋವೆನಾ